ಒಂದು ಬೀಡಿಯ ಹೊತ್ತು

ಎರಡು ಬೇಸಿಗೆಯ ಹಿಂದಿನ ಮಾತು. ಒಂದು ಸಂಜೆ ಬಳ್ಳಾರಿಯ ನಮ್ಮ ಮನೆಯ ಮುಂದೆ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎಂಬಂತಿದ್ದ ಕೆಂಪು ಕಾರೊಂದು ಬಂದು ನಿಂತಿತು. ಎರಡೇ ಬಾಗಿಲು. ಓಣಿಯ ಹುಡುಗರು ಕ್ರಿಕೆಟ್ ಬ್ಯಾಟು ಬಿಸಾಕಿ ಓಡಿಬಂದು ಸುತ್ತುವರಿದರು. ಮೈ ಮಡಚಿಕೊಂಡು ಅದರೊಳಗಿಂದ ಹೊರಬಂದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ, ಯಾರೋ ಓಡಿಸಿ ಬಿಟ್ಟ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಹಿರಿಯೂರು, ಚಳ್ಳಕೆರೆ ದಾಟಿ ಹೆದ್ದಾರಿಯುದ್ದಕ್ಕೂ ಗಾಳಿಯಂತೆ ಬಂದಿದ್ದನಂತೆ. ಬಂದವನೇ ಗಕ್ಕನೆ ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲು ಹಾಕಿಕೊಂಡು ಒಳಗೆ ಹೆಜ್ಜೆ ಇಟ್ಟ.

ಬಾನೆಟ್ಟಿನ ಕೆಳಗಿಂದ ಟಿಕ್, ಟಿಕ್ ಎಂದು ಸದ್ದು ಬರುತ್ತಿತ್ತು. ಕಾದ ಲೋಹ ಆರುವಾಗ ಕುಗ್ಗುವ ಸದ್ದು ಅದು. ನನಗೆ ಆ ಸದ್ದು ಹೊಸದಲ್ಲ.

‘ಅಷ್ಟು ಜೋರಾಗಿ ಓಡಿಸ್ಕೊಂಡು ಬಂದು ಹಂಗೇ ಬಂದ್ ಮಾಡಿಬಿಟ್ಟೆಲ್ಲೋ. ಸ್ವಲ್ಪ ಹೊತ್ತು ಚಾಲೂ ಬಿಡಬೇಕಿಲ್ಲೇನು?’ ಎಂದೆ.

‘ಮಾಮ, ಇದು ಲಾರಿ ತಾತನ ಗಾಡಿ ಅಲ್ಲ. ಎಲ್ಲಾ ಕಂಪ್ಯೂಟರ್ ನೋಡ್ಕೊಂತದೆ’ ಎಂದು ನಕ್ಕ.

ಲಾರಿ ತಾತ ಎಂದರೆ ನನ್ನ ದೊಡ್ಡಪ್ಪ. ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ಲಾರಿ ಓಡಿಸುತ್ತಿದ್ದವರು. ತೊಂಬತ್ತರ ದಶಕದಲ್ಲಿ, ಮುಂಭಾಗದಲ್ಲಿ ‘ಟರ್ಬೊ’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಲಾರಿಗಳು ನಮ್ಮ ರಸ್ತೆಗೆ ಬಂದಾಗ ಅಂಥದೊಂದನ್ನು ಅವರ ಕೈಗೆ ಕೊಟ್ಟಿದ್ದರು. ಮೂಟೆ ಹೇರಿಕೊಂಡು ತೆಕ್ಕಲಕೋಟೆ ಮೇಲೆ ಬಳ್ಳಾರಿಗೆ ಬಂದರೆಂದರೆ, ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಕೆಳಗಿಳಿದು ಬೀಡಿ ಹಚ್ಚುವರು. ಟೈರುಗಳಿಗೆಲ್ಲ ರಾಡಿನಿಂದ ಒಂದೊಂದು ಏಟು ಹಾಕಿ ಸದ್ದು ಕೇಳುವರು. ಕ್ಯಾನಿನ ನೀರಿನಲ್ಲಿ ಮುಖ ತೊಳೆಯುವರು. ಬೀಡಿ ಮುಗಿದ ಮೇಲೆಯೇ ಮತ್ತೆ ಹತ್ತಿ ಎಂಜಿನ್ ನಿಲ್ಲಿಸುವ ಗುಂಡಿ ಎಳೆಯುವರು. ಅಷ್ಟೂ ಹೊತ್ತು ಲಾರಿ ನಿಂತಲ್ಲೇ ಗುರುಗುಟ್ಟುತ್ತಿತ್ತು. ಯಾಕೆಂದು ಕೇಳಿದರೆ, ‘ದಣಿದು ಬಂದ ಎತ್ತಿಗೆ ನೊಗ ಇಳಿಸಿದ ಕೂಡಲೇ ನೀರು ಕುಡಿಸ್ತೀವೇನು? ಉಸಿರು ತಗೊಳ್ಳಲಿ’ ಎನ್ನುವರು. ಅದಕ್ಕಿಂತ ಹೆಚ್ಚು ವಿವರಣೆ ಅವರ ಬಳಿ ಇರಲಿಲ್ಲ.

ಹೆಚ್ಚಿನ ವಿವರಣೆ ಬೇಕಾದವರು ಅವರ ಎಡ ಮುಂಗೈ ನೋಡಬಹುದಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಬಿಳಿಚಿಕೊಂಡಿತ್ತು. ಕ್ಲೀನರ್ ಆಗಿದ್ದ ದಿನಗಳಲ್ಲಿ, ತೆಕ್ಕಲಕೋಟೆಯ ಹತ್ತಿರ ಕಾದು ನಿಂತ ಲಾರಿಯ ರೇಡಿಯೇಟರ್ ಮುಚ್ಚಳ ತಿರುಗಿಸಲು ಹೋಗಿ ಪಡೆದದ್ದು.

ಎಂಜಿನ್ ತಣಿಯುವ ಬಗೆಯಲ್ಲೇ ಒಂದು ವಿಚಿತ್ರವಿದೆ. ಕೀಲಿ ತಿರುವಿದೊಡನೆ ಬೆಂಕಿ ಆರುತ್ತದೆ, ನಿಜ. ಆದರೆ ಬಿಸಿ ಆರುವುದಿಲ್ಲ. ಹಳೆಯ ಎಂಜಿನ್ನುಗಳಲ್ಲಿ ನೀರು ಹರಿಸುವ ಪಂಪು, ಎಣ್ಣೆ ಹರಿಸುವ ಪಂಪು, ಗಾಳಿ ಬೀಸುವ ಫ್ಯಾನು ಎಲ್ಲವೂ ಎಂಜಿನ್ ತಿರುಗಿದರೆ ಮಾತ್ರ ತಿರುಗುತ್ತವೆ. ಅಂದರೆ ಬೆಂಕಿಯ ಜೊತೆಗೇ ತಂಪು ಮಾಡುವ ಮೂವರನ್ನೂ ನಾವು ಮನೆಗೆ ಕಳಿಸಿಬಿಡುತ್ತೇವೆ. ಸಿಲಿಂಡರಿನ ಗೋಡೆಯಲ್ಲಿ, ಹೊಗೆ ಕೊಳವೆಯ ಎರಕದಲ್ಲಿ ತುಂಬಿಕೊಂಡ ಕಾವು ಎಲ್ಲಿಗೆ ಹೋಗಬೇಕು? ನಿಂತ ನೀರಿಗೆ, ನಿಂತ ಎಣ್ಣೆಗೆ ಇಳಿಯುತ್ತದೆ. ಆದ್ದರಿಂದಲೇ ಗಾಡಿ ನಿಲ್ಲಿಸಿದ ಕೆಲವು ನಿಮಿಷ ಒಳಗಿನ ಉಷ್ಣತೆ ಇಳಿಯುವ ಬದಲು ಏರುತ್ತದೆ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೂರ್ಯ ಮುಳುಗಿದ ಮೇಲೂ ಕೋಟೆ ಗುಡ್ಡದ ಬಂಡೆ ರಾತ್ರಿವರೆಗೆ ಬಿಸಿ ಕಾರುವುದನ್ನು ನಾವೆಲ್ಲ ಮಾಳಿಗೆಯ ಮೇಲೆ ಮಲಗಿ ಅನುಭವಿಸಿದವರೇ.

ಅಂಬಾಸಡರ್, ಪದ್ಮಿನಿ ಕಾಲದ ಚಾಲಕರಿಗೆ ಇದರ ಕಾಟ ಚೆನ್ನಾಗಿ ಗೊತ್ತಿತ್ತು. ದೂರದಿಂದ ಬಂದು, ಗಾಡಿ ನಿಲ್ಲಿಸಿ, ಚಹಾ ಕುಡಿದು ಹತ್ತು ನಿಮಿಷಕ್ಕೆ ಮರಳಿದರೆ ಗಾಡಿ ಚಾಲೂ ಆಗುತ್ತಿರಲಿಲ್ಲ. ಏರಿದ ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಕೂತಿರುತ್ತಿತ್ತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಮದ್ದು. ಅದು ಬರೀ ಕಿರಿಕಿರಿ. ಟರ್ಬೊ ಬಂದ ಮೇಲೆ ಅದೇ ಕಾವು ದುಬಾರಿಯಾಯಿತು.

ಟರ್ಬೊ ಎಂದರೆ ಎಂಜಿನ್ ಹೊರಗೆಸೆಯುವ ಹೊಗೆಯಿಂದಲೇ ತಿರುಗುವ ಒಂದು ಪುಟ್ಟ ಗಾಳಿಚಕ್ರ. ಅದೇ ದಂಡಕ್ಕೆ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರವಿದ್ದು, ಅದು ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಊಡುತ್ತದೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಕಾರುಗಳಿಗೆ ಇದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. 1975ರಲ್ಲಿ ಪೋರ್ಶೆ ಕಂಪನಿಯ 911 ಟರ್ಬೊ ಬಂದ ಮೇಲೆ ಸ್ಪೋರ್ಟ್ಸ್ ಕಾರೆಂದರೆ ಟರ್ಬೊ ಎನ್ನುವಷ್ಟು ಹೆಸರಾಯಿತು. 1977ರಲ್ಲಿ ರೆನೋ ಕಂಪನಿ ಫಾರ್ಮುಲಾ ಒನ್ ಪಂದ್ಯಕ್ಕೆ ಟರ್ಬೊ ಕಾರು ಇಳಿಸಿದಾಗ ಅದು ಪದೇ ಪದೇ ಹೊಗೆಯಾಡಿ ನಿಲ್ಲುತ್ತಿತ್ತು. ಜನ ಅದನ್ನು ‘ಹಳದಿ ಚಹಾ ಕೆಟಲಿ’ ಎಂದು ಕರೆದರು. ಎರಡು ವರ್ಷದಲ್ಲಿ ಅದೇ ಕೆಟಲಿಯ ಕಂಪನಿ ಟರ್ಬೊದಿಂದಲೇ ಪಂದ್ಯ ಗೆದ್ದಿತು.

ಆ ಚಕ್ರದ ಬಾಳನ್ನು ಸ್ವಲ್ಪ ಯೋಚಿಸಿ ನೋಡಿ. ಜೋರಾಗಿ ಓಡುವಾಗ ಅದು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ನೀವು ‘ಒಂದು’ ಎಂದು ಎಣಿಸುವಷ್ಟರಲ್ಲಿ 1,600 ಸುತ್ತು ಮುಗಿದಿರುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದಕ್ಕೆ ಬಡಿಯುವ ಹೊಗೆಯ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಚಕ್ರದ ಕವಚ ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪಾಗುತ್ತದೆ. ಇಷ್ಟೆಲ್ಲದರ ನಡುವೆ ಆ ದಂಡವನ್ನು ಹೊತ್ತಿರುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರ. ಎಣ್ಣೆ ಅಲ್ಲಿ ಎರಡು ಕೆಲಸ ಮಾಡುತ್ತದೆ: ಉಜ್ಜಾಟ ತಪ್ಪಿಸುತ್ತದೆ, ಹರಿಯುತ್ತಾ ಕಾವನ್ನು ಹೊತ್ತೊಯ್ಯುತ್ತದೆ.

ಈಗ ಎಂಜಿನ್ ಆರಿಸಿ. ಎಣ್ಣೆಯ ಹರಿವು ನಿಂತಿತು. ದಂಡದ ಸುತ್ತ ಉಳಿದ ಎಣ್ಣೆಗೆ ಕೆಂಪಾದ ಕವಚದ ಕಾವು ಇಳಿಯಿತು. ಮಿರ್ಚಿ ಕರಿಯುವ ಬಾಣಲೆಯ ಅಂಚಿನಲ್ಲಿ ಎಣ್ಣೆ ಸೀದು ಕಪ್ಪಗೆ ಹತ್ತಿಕೊಳ್ಳುವುದನ್ನು ನೋಡಿದ್ದೀರಲ್ಲ, ಅದೇ ಇಲ್ಲಿಯೂ ಆಗುತ್ತದೆ. ಒಂದು ದಿನದಲ್ಲಿ ಏನೂ ತಿಳಿಯುವುದಿಲ್ಲ. ನೂರು ದಿನ ಹೀಗೇ ಆದರೆ ಆ ಕಪ್ಪು ಚಕ್ಕೆ ಎಣ್ಣೆಯ ಸಣ್ಣ ದಾರಿಗಳನ್ನು ಕಟ್ಟುತ್ತದೆ, ದಂಡವನ್ನು ಗೀಚುತ್ತದೆ. ಒಂದೆರಡು ನಿಮಿಷ ನಿಂತಲ್ಲೇ ಓಡಲು ಬಿಟ್ಟರೆ ಹೊಗೆಯ ಉಷ್ಣತೆ ತಟ್ಟನೆ ಇಳಿಯುತ್ತದೆ, ಚಕ್ರ ನಿಧಾನವಾಗುತ್ತದೆ, ಎಣ್ಣೆ ಹರಿಯುತ್ತಲೇ ಇರುತ್ತದೆ. ದೊಡ್ಡಪ್ಪನ ಬೀಡಿಯ ಲೆಕ್ಕ ಇದು.

ನನ್ನ ಅಳಿಯನ ಮಾತಿನಲ್ಲೂ ಸತ್ಯವಿಲ್ಲದಿಲ್ಲ. ತಯಾರಕರು ಕೈಕಟ್ಟಿ ಕೂತಿಲ್ಲ. 1980ರ ದಶಕದಲ್ಲೇ ಟರ್ಬೊದ ನಡುಭಾಗಕ್ಕೆ ನೀರು ಹರಿಸುವ ಪದ್ಧತಿ ಬಂತು. 1985ರ ಪೋರ್ಶೆ 944 ಟರ್ಬೊ ಕಾರಿನಲ್ಲಿ ಎಂಜಿನ್ ನಿಂತ ಮೇಲೂ ಕೆಲ ಹೊತ್ತು ನೀರು ಹರಿಸುವ ವಿದ್ಯುತ್ ಪಂಪು ಇತ್ತು. ಜಪಾನಿನಲ್ಲಿ ಕೀಲಿ ತೆಗೆದರೂ ಗೊತ್ತಾದಷ್ಟು ಹೊತ್ತು ಎಂಜಿನ್ ಓಡಿಸಿ ತಾನೇ ಆರಿಸುವ ಸಣ್ಣ ಗಡಿಯಾರಗಳನ್ನು ಹುಡುಗರು ಹಾಕಿಸಿಕೊಳ್ಳುತ್ತಿದ್ದರು. ಈಗಿನ ಸಿಂಥೆಟಿಕ್ ಎಣ್ಣೆಯೂ ಹಿಂದಿನದಕ್ಕಿಂತ ಹೆಚ್ಚು ಕಾವು ತಡೆಯುತ್ತದೆ. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಹೊತ್ತುವ ಟರ್ಬೊ ಕಾರುಗಳು ಸಾಮಾನ್ಯವಾಗಿವೆ. ಊರೊಳಗೆ ಮೆಲ್ಲಗೆ ಓಡುವಾಗ ಟರ್ಬೊ ಅಷ್ಟಾಗಿ ಕಾಯುವುದೂ ಇಲ್ಲ.

ಆದರೆ ಊರೊಳಗಿನ ಓಟ ಬೇರೆ, ಬಳ್ಳಾರಿ ಸೀಮೆಯ ಏಪ್ರಿಲ್ ತಿಂಗಳ ಹೆದ್ದಾರಿ ಬೇರೆ. ಸಣ್ಣ ಲೆಕ್ಕ ಹಾಕಿ. ರೇಡಿಯೇಟರ್ ನೀರಿನ ಉಷ್ಣತೆ 90 ಡಿಗ್ರಿ ಎಂದಿಟ್ಟುಕೊಳ್ಳೋಣ. ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ನಡುವಿನ ಅಂತರ 65. ಗಾಳಿಯೇ 42 ಡಿಗ್ರಿ ಇದ್ದರೆ ಅಂತರ 48 ಮಾತ್ರ. ಕಾವು ಹೊರಹೋಗುವುದು ಆ ಅಂತರದ ಬಲದಿಂದ. ಅಂದರೆ ಅದೇ ರೇಡಿಯೇಟರು ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕೆಲಸ ಕಳೆದುಕೊಳ್ಳುತ್ತದೆ. ಇದರ ಜೊತೆಗೆ ಸ್ಪೋರ್ಟ್ಸ್ ಕಾರಿನ ಬಾನೆಟ್ಟಿನೊಳಗೆ ಬೆರಳು ತೂರಿಸಲೂ ಜಾಗವಿರುವುದಿಲ್ಲ. ಓಡುವಾಗ ನುಗ್ಗುವ ಗಾಳಿಯನ್ನೇ ನಂಬಿಕೊಂಡ ಮೈಕಟ್ಟು ಅದರದು. ನಿಂತ ಕೂಡಲೇ ಅದು ಮುಚ್ಚಿದ ಒಲೆ.

ಕಳೆದ ಬೇಸಿಗೆಯಲ್ಲಿ ಅಳಿಯ ಅದೇ ಕಾರಿನಲ್ಲಿ ಬಂದ. ಸಿರುಗುಪ್ಪದಲ್ಲಿ ಬಂಧುಗಳ ಗೃಹಪ್ರವೇಶವಿತ್ತು. ಸುಮಾರು 55 ಕಿ.ಮೀ. ದಾರಿ. ಒಣಹಾಕಿದ ಭತ್ತ ಕಂಡಲ್ಲಿ ಬ್ರೇಕು, ತೆರವಾದಲ್ಲಿ ಹಾರಾಟ. ಮನೆಯ ಮುಂದೆ ನಿಂತದ್ದೇ ತಡ, ಎಂಜಿನ್ ಬಂದ್. ಮರುದಿನ ಅಕ್ಕನ ಹರಕೆಯಿತ್ತು, ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ. ಅಲ್ಲಿಯೂ ಅದೇ ಕಥೆ. ಏಕಶಿಲೆಯ ಆ ಬೃಹತ್ ನಂದಿಗೆ ಕೈಮುಗಿದು ಹೊರಬಂದು ಬಳ್ಳಾರಿಯತ್ತ ಹೊರಟೆವು. ಹತ್ತು ಕಿ.ಮೀ. ಬಂದಿರಬೇಕು, ಕಾರಿನ ಹಿಂದೆ ನೀಲಿ ಹೊಗೆ. ಮುಂಭಾಗದಲ್ಲಿ ಸಿಳ್ಳೆ ಹಾಕಿದಂಥ ಸದ್ದು. ಎಕ್ಸಲರೇಟರ್ ಒತ್ತಿದರೆ ಮುದಿ ಕತ್ತೆಯಂತೆ ಕುಂಟುತ್ತಿತ್ತು.

ಕೌಲ್ ಬಜಾರಿನಲ್ಲಿ ನನಗೆ ಪರಿಚಯದ ಮೇಸ್ತ್ರಿಯೊಬ್ಬರಿದ್ದಾರೆ. ಟರ್ಬೊ ಬಿಚ್ಚಿ, ಹಳೆಯ ಪೇಪರಿನ ಮೇಲೆ ಇಟ್ಟು ತೋರಿಸಿದರು. ದಂಡದ ಮೇಲೆ ಕಪ್ಪು ಹೊಪ್ಪಳೆ. ಉಗುರಿನಿಂದ ಕೆರೆದರೆ ಪುಡಿ. ‘ಇದು ಎಣ್ಣೆ ಅಲ್ಲ ಸಾರ್, ಸೀದ ಎಣ್ಣೆ. ಹಿಂದಿನ ಓನರು ಎಷ್ಟು ಸುಟ್ಟಿದ್ನೋ, ನೀವು ಎಷ್ಟು ಸುಟ್ಟಿರೋ ಆ ದೇವರಿಗೇ ಗೊತ್ತು. ಎಣ್ಣೆ ಬದಲು ಮಾಡಿ ಎಷ್ಟು ದಿನ ಆತು?’ ಅಳಿಯ ತಲೆ ತಗ್ಗಿಸಿದ. ಅವಧಿ ಮುಗಿದು ಬಹಳ ತಿಂಗಳಾಗಿತ್ತು. ಹಳಸಿದ ಎಣ್ಣೆ ಇನ್ನೂ ಬೇಗ ಸೀಯುತ್ತದೆ. ಎರಡು ತಪ್ಪು ಒಟ್ಟಿಗೆ ಸೇರಿದ್ದವು. ಹೊಸ ಟರ್ಬೊಗೆ ತೆತ್ತ ಹಣದಲ್ಲಿ ಒಂದು ಒಳ್ಳೆಯ ಮೋಟಾರ್ ಸೈಕಲ್ ಬರುತ್ತಿತ್ತು.

ಇದು ಶ್ರೀಮಂತರ ಮಕ್ಕಳ ಸಂಕಟ, ನಮಗೇಕೆ ಎನ್ನಬೇಡಿ. 2000ದಿಂದ ಈಚೆಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಟರ್ಬೊ ಎಲ್ಲ ಗಾಡಿಗಳಿಗೂ ಇಳಿದು ಬಂದಿದೆ. ಈಗಿನ ಡೀಸೆಲ್ ಕಾರು, ಜೀಪು, ಲಾರಿ, ಬಸ್ಸುಗಳಲ್ಲಿ ಟರ್ಬೊ ಇಲ್ಲದ್ದು ಅಪರೂಪ. ಸಿರುಗುಪ್ಪದ ಗದ್ದೆಗಳಿಗೆ ಕೊಯ್ಲಿಗೆ ಇಳಿಯುವ ಕಟಾವು ಯಂತ್ರಗಳಲ್ಲೂ ಅದಿದೆ. ಅವುಗಳ ಕಷ್ಟ ಇನ್ನೂ ಹೆಚ್ಚು. ಭತ್ತದ ಹೊಟ್ಟು, ಧೂಳು ರೇಡಿಯೇಟರಿಗೆ ಕಂಬಳಿಯಂತೆ ಹೊದ್ದುಕೊಳ್ಳುತ್ತವೆ. ದಿನವಿಡೀ ಪೂರ್ತಿ ಭಾರದಲ್ಲಿ ದುಡಿದ ಯಂತ್ರವನ್ನು ಊಟದ ಹೊತ್ತಾಯಿತೆಂದು ಗಕ್ಕನೆ ಆರಿಸಿದರೆ ಅದರ ಟರ್ಬೊ ಮುರಿಯುತ್ತದೆ, ಸಾಲ ಮಾಡಿ ಯಂತ್ರ ತಂದವನ ಹಂಗಾಮೂ ಮುರಿಯುತ್ತದೆ. ಗದ್ದೆಯಲ್ಲಿ ಪೈರು ಕಾಯುವುದಿಲ್ಲ.

ದೊಡ್ಡ ಯಂತ್ರಗಳ ಮನೆಯಲ್ಲೂ ಇದೇ ಶಿಸ್ತು. ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ಕೇಂದ್ರದಲ್ಲಿ 500 ಮೆಗಾವಾಟಿನ ಎರಡು, 700 ಮೆಗಾವಾಟಿನ ಒಂದು ಘಟಕಗಳಿವೆ. ಅಂಥ ಘಟಕವನ್ನು ನಿಲ್ಲಿಸಿದಾಗ ಹಬೆ ಬಂದ್ ಮಾಡಿ ಮನೆಗೆ ಹೋಗುವಂತಿಲ್ಲ. ಬಿಸಿಯಾದ ಆ ಭಾರಿ ದಂಡ ನಿಂತಲ್ಲೇ ನಿಂತರೆ ಮೇಲ್ಭಾಗ ಬಿಸಿ, ಕೆಳಭಾಗ ತಂಪಾಗಿ ಬಿಲ್ಲಿನಂತೆ ಬಾಗುತ್ತದೆ. ಅದಕ್ಕೇ ಅದನ್ನು ಬೇರೊಂದು ಯಂತ್ರದಿಂದ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಿಧಾನವಾಗಿ ತಿರುಗಿಸುತ್ತಲೇ ಇರುತ್ತಾರೆ. ನಮ್ಮ ಮನೆಗೆ ಬೆಳಕು ಕೊಡುವ ಯಂತ್ರಕ್ಕೆ ದಿನಗಳೇ ಬೇಕಾದರೆ, ಕಾರಿಗೆ ಎರಡು ನಿಮಿಷ ಹೆಚ್ಚೇನಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೇಸ್ತ್ರಿ ಹೇಳಿದ್ದು ಸರಳ. ಊರು ಹತ್ತಿರವಾದಾಗ ಕೊನೆಯ ಎರಡು ಮೂರು ಕಿ.ಮೀ. ಮೆಲ್ಲಗೆ ಓಡಿಸಿ. ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ. ಓಟದ ಪಂದ್ಯ ಮುಗಿದ ಮೇಲೂ ಕಾರುಗಳು ಒಂದು ಸುತ್ತು ನಿಧಾನವಾಗಿ ಹಾಕುವುದನ್ನು ಟಿ.ವಿ.ಯಲ್ಲಿ ನೋಡಿರಬಹುದು. ಎಂಜಿನ್ನಿನಷ್ಟೇ ಬ್ರೇಕಿಗೂ ಆ ಗಾಳಿ ಬೇಕು. ಹೆದ್ದಾರಿಯಿಂದ ನೇರವಾಗಿ ಬಂದು ಡಾಬಾದಲ್ಲಿ ನಿಲ್ಲಿಸಿದಿರಾದರೆ ಒಂದೆರಡು ನಿಮಿಷ ಚಾಲೂ ಇರಲಿ. ಭಾರ ಎಳೆದು ಘಾಟಿ ಹತ್ತಿದ್ದರೆ ಇನ್ನೂ ಒಂದೆರಡು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಲೆಕ್ಕ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಅರ್ಧ ಗಂಟೆ ಓಡಿಸುವುದು ಜಾಣತನವಲ್ಲ, ಇಂಧನ ದಂಡ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಂತೂ ಎಂಜಿನ್ ಓಡಿಸಲೇಬಾರದು. ಆ ಹೊಗೆ ಸದ್ದಿಲ್ಲದೆ ಪ್ರಾಣ ತೆಗೆಯುತ್ತದೆ.

ಎಣ್ಣೆಯ ಕೆಂಪು ದೀಪ ಹೊತ್ತಿದರೆ, ಇಲ್ಲವೇ ನೀರು ಸೋರಿ ಹಬೆ ಎದ್ದರೆ ಈ ನಿಯಮ ತಲೆಕೆಳಗು. ಆಗ ಬದಿಗೆ ನಿಲ್ಲಿಸಿ ಕೂಡಲೇ ಆರಿಸಬೇಕು. ಆದರೆ ಮುಚ್ಚಳ ಮುಟ್ಟಬಾರದು. ರೇಡಿಯೇಟರಿನ ಮುಚ್ಚಳ ಪ್ರೆಶರ್ ಕುಕ್ಕರಿನ ಮುಚ್ಚಳವಿದ್ದಂತೆ. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಅಷ್ಟೂ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ. ಲಾಟೀನಿನ ಗಾಜಿನ ಮೇಲೆ ನೀರಿನ ಹನಿ ಬಿದ್ದರೆ ಏನಾಗುತ್ತದೆಂದು ನಮ್ಮ ಮನೆಯ ಹಿರಿಯರಿಗೆಲ್ಲ ಗೊತ್ತು.

ಸಿರುಗುಪ್ಪ, ಕುರುಗೋಡು ಕಡೆಯವರಿಗೆ ಇನ್ನೊಂದು ಮಾತು. ಓಡಿ ಬಂದ ಗಾಡಿಯನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಈಗಿನ ಕಾರುಗಳ ಅಡಿಯಲ್ಲಿ ಹೊಗೆ ಶುದ್ಧಿ ಮಾಡುವ ಡಬ್ಬಿ ಇರುತ್ತದೆ. ಒಣ ಹುಲ್ಲು ಹೊತ್ತಿಸುವಷ್ಟು ಅದು ಕಾಯಬಲ್ಲದು. ರಸ್ತೆಯಲ್ಲಿ ಹರಡಿದ ರಾಶಿಯ ಮೇಲೆ ಹಾಯ್ದಾಗ ಹುಲ್ಲು ಅಡಿಯಲ್ಲಿ ಸುತ್ತಿಕೊಂಡಿದ್ದರೆ, ಗಾಡಿ ಆರಿದ ಮೇಲೆ ತೆಗೆದುಬಿಡಿ. ಬಣವೆಯ ಪಕ್ಕ ಕಾರು ನಿಲ್ಲಿಸಿ ಊಟಕ್ಕೆ ಹೋದರೆ, ಬಂದು ನೋಡುವಾಗ ಕಾರೂ ಇರಲಿಕ್ಕಿಲ್ಲ, ಬಣವೆಯೂ ಇರಲಿಕ್ಕಿಲ್ಲ.

ಪೆಟ್ರೋಲು ದಂಡವಲ್ಲವೇ ಎಂದು ಕೇಳುವವರಿದ್ದಾರೆ. ನಿಂತಲ್ಲೇ ಓಡುವ ಸಾಧಾರಣ ಕಾರು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ ಎಂದುಕೊಂಡರೂ ಎರಡು ನಿಮಿಷಕ್ಕೆ 33 ಮಿಲಿಲೀಟರ್. ಒಂದು ಕಪ್ ಚಹಾದ ಬೆಲೆಯೂ ಆಗುವುದಿಲ್ಲ.

ದೊಡ್ಡಪ್ಪ ಈಗಿಲ್ಲ. ಅವರಿಗೆ ಡಿಗ್ರಿ ಸೆಲ್ಸಿಯಸ್ ಗೊತ್ತಿರಲಿಲ್ಲ, ಬ್ಯೂಖಿಯ ಹೆಸರು ಕೇಳಿರಲಿಲ್ಲ. ಬಿಸಿಲಿಂದ ಬಂದವರಿಗೆ ‘ತಡಿ, ಕೂಡು, ಬೆವರು ಆರಲಿ, ಆಮೇಲೆ ನೀರು ಕುಡಿ’ ಎನ್ನುವ ಮನೆಯಲ್ಲಿ ಬೆಳೆದವರು. ಅದೇ ಮಾತನ್ನು ಲಾರಿಗೂ ಹೇಳಿದ್ದರು, ಅಷ್ಟೆ. ಅವರ ಕೈಯಲ್ಲಿದ್ದಷ್ಟು ವರ್ಷ ಆ ಲಾರಿಯ ಟರ್ಬೊ ಬದಲಿಸಿದ ನೆನಪು ನನಗಿಲ್ಲ.

ಮೊನ್ನೆ ಅಳಿಯ ಮತ್ತೆ ಬಂದಿದ್ದ. ಕಾರು ನಮ್ಮ ಓಣಿಗೆ ತಿರುಗಿದ್ದು ಕೇಳಿಸಿತು, ನಿಂತದ್ದೂ ಕೇಳಿಸಿತು. ಎಂಜಿನ್ ಮಾತ್ರ ಮೆಲ್ಲಗೆ ಗುರುಗುಟ್ಟುತ್ತಲೇ ಇತ್ತು. ಹೊರಗೆ ಹೋಗಿ ನೋಡಿದರೆ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದ. ಎದುರು ಮನೆಯವರು ಕಿಟಕಿಯಿಂದ ಇಣುಕಿ, ‘ಏನಪ್ಪಾ, ಬಂದ್ ಮಾಡೋದು ಮರೆತೆಯೇನು?’ ಎಂದರು.

‘ಇಲ್ಲ ಅಣ್ಣ, ಲಾರಿ ತಾತ ಬೀಡಿ ಸೇದ್ತಾ ಇದ್ದಾನೆ. ಮುಗೀಲಿ’ ಎಂದ.

ಅವರಿಗೆ ಅರ್ಥವಾಗಲಿಲ್ಲ. ನಾನು ಒಳಗೆ ಹೋಗಿ ಚಹಾಕ್ಕೆ ಇಡಲು ಹೇಳಿದೆ.